ಫಾರ್ಮ್ ಬಿ ಇದೆ, ಪೈಪಿನಲ್ಲಿ ನೀರಿದೆಯೇ? ಖಾಸಗಿ ಫೈರ್ ಹೈಡ್ರಂಟ್ ತಪಾಸಣೆ ಬಗ್ಗೆ ಮಹಾರಾಷ್ಟ್ರದ ನಿಯಮ ಹೇಳುವುದೇನು, ಬಿಡುವುದೇನು?

ಮಹಾರಾಷ್ಟ್ರದಲ್ಲಿ ಅಗ್ನಿ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುವ ಪ್ರತಿ ಕಟ್ಟಡದ ಮಾಲೀಕರು ವರ್ಷಕ್ಕೆ ಎರಡು ಬಾರಿ, ಜನವರಿಯಲ್ಲೊಮ್ಮೆ ಜುಲೈನಲ್ಲೊಮ್ಮೆ, ಅಗ್ನಿಶಾಮಕ ಅಧಿಕಾರಿಗೆ ಒಂದು ಪ್ರಮಾಣಪತ್ರ ಸಲ್ಲಿಸಬೇಕು. ಅದರ ಹೆಸರು 'ಫಾರ್ಮ್ ಬಿ'. ಕಟ್ಟಡದಲ್ಲಿರುವ ಬೆಂಕಿ ನಂದಿಸುವ ವ್ಯವಸ್ಥೆಯೆಲ್ಲ ಸುಸ್ಥಿತಿಯಲ್ಲಿದೆ ಎಂಬುದು ಅದರ ಒಟ್ಟು ಸಾರ.

ಈ ವ್ಯವಸ್ಥೆಯಲ್ಲಿ ಮುಖ್ಯವಾದದ್ದು ಫೈರ್ ಹೈಡ್ರಂಟ್. ಮೆಟ್ಟಿಲ ಬಳಿ ಕೆಂಪು ಬಣ್ಣದ ದಪ್ಪ ಪೈಪ್, ಅದಕ್ಕೊಂದು ವಾಲ್ವ್, ಪಕ್ಕದಲ್ಲಿ ಗಾಜಿನ ಬಾಗಿಲಿನ ಪೆಟ್ಟಿಗೆಯೊಳಗೆ ಸುತ್ತಿಟ್ಟ ಹೋಸ್. ಅಪಾರ್ಟ್‌ಮೆಂಟ್‌ನಲ್ಲಿ, ಆಸ್ಪತ್ರೆಯಲ್ಲಿ, ಲಾಡ್ಜ್‌ನಲ್ಲಿ, ಮಾಲ್‌ನಲ್ಲಿ ಇದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಆದರೆ ಅದರಿಂದ ನೀರು ಬಂದದ್ದನ್ನು ನೋಡಿದವರು ಎಷ್ಟು ಮಂದಿ?

ಪ್ರಶ್ನೆ ಚಿಕ್ಕದು. ಆದರೆ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಭಾಗದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದ ಅಗ್ನಿ ದುರಂತಗಳನ್ನು ನೋಡಿದರೆ ಅದು ಜೀವ ಸಾವಿನ ಪ್ರಶ್ನೆ ಎಂಬುದು ಅರ್ಥವಾಗುತ್ತದೆ.

ಕನ್ನಡಿಗರಿಗೆ ಇದರಿಂದೇನು?

ಎಲ್ಲೋರಾ, ದೌಲತಾಬಾದ್, ಶಿರಡಿ, ನಾಸಿಕ್, ತ್ರ್ಯಂಬಕೇಶ್ವರ. ಕರ್ನಾಟಕದಿಂದ ಹೊರಡುವ ಪ್ರವಾಸಿ ಬಸ್ಸುಗಳಿಗೆ ಇದು ಹಳೆಯ ದಾರಿ. ಈ ಊರುಗಳ ಲಾಡ್ಜ್‌ಗಳಲ್ಲಿ ರಾತ್ರಿ ಕಳೆಯುವವರಲ್ಲಿ ನಮ್ಮವರೂ ಇರುತ್ತಾರೆ. 2027ರಲ್ಲಿ ನಾಸಿಕ್‌ನ ಸಿಂಹಸ್ಥ ಕುಂಭಮೇಳದ ಪುಣ್ಯಸ್ನಾನಗಳಿದ್ದು, ಆಗ ಒಂದು ಕೋಣೆಯೂ ಖಾಲಿ ಸಿಗಲಿಕ್ಕಿಲ್ಲ. ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿಗೂ ಇದೇ ಕಾಯ್ದೆ ಅನ್ವಯ. ಕಾಗದ ಸರಿ ಇದ್ದು ವಾಲ್ವ್ ಕೈಕೊಡುವ ಸಮಸ್ಯೆಯಂತೂ ಬೆಂಗಳೂರು, ಹುಬ್ಬಳ್ಳಿಗೂ ಹೊಸದಲ್ಲ.

ಬೀದಿಯ ನೀರು, ಕಾಂಪೌಂಡಿನ ನೀರು

ಹೈಡ್ರಂಟ್‌ಗಳಲ್ಲಿ ಎರಡು ಬಗೆ. ರಸ್ತೆ ಬದಿಯದ್ದು ಸಾರ್ವಜನಿಕ. ಅದಕ್ಕೆ ನೀರು ಬರುವುದು ಪಾಲಿಕೆಯ ಕೊಳವೆಯಿಂದ, ನೋಡಿಕೊಳ್ಳುವ ಹೊಣೆಯೂ ಪಾಲಿಕೆಯದ್ದೇ. ಕಾಂಪೌಂಡ್ ಒಳಗಿನದ್ದು ಖಾಸಗಿ. ನೆಲದಡಿಯ ಸಂಪು, ಪಂಪ್ ರೂಂ, ಮೇಲಕ್ಕೆ ಹೋಗುವ ರೈಸರ್ ಪೈಪ್, ಮಹಡಿ ಮಹಡಿಯ ವಾಲ್ವ್, ಹೋಸ್, ನಾಜಲ್ ಎಲ್ಲವೂ ಮಾಲೀಕರ ಸ್ವತ್ತು. ಹೊಣೆಯೂ ಅವರದ್ದೇ.

ನಮ್ಮ ನಗರಗಳಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ಏಕೆ ಎಂಬುದಕ್ಕೆ ಸಂಭಾಜಿನಗರ ಒಳ್ಳೆಯ ಉದಾಹರಣೆ. ಜಾಯಕವಾಡಿ ಜಲಾಶಯದಿಂದ ನೀರು ತರಿಸಿಕೊಳ್ಳುವ ಈ ನಗರದಲ್ಲಿ ಹಲವು ದಿನಗಳಿಗೊಮ್ಮೆ ನಲ್ಲಿ ನೀರು ಬರುವುದು ವರ್ಷಗಳಿಂದ ನಡೆದುಬಂದ ಗೋಳು. ಇದನ್ನು ನೀಗಿಸಲು 2020ರ ಡಿಸೆಂಬರ್‌ನಲ್ಲಿ 1,680 ಕೋಟಿ ರೂ. ವೆಚ್ಚದ ಯೋಜನೆಗೆ ಚಾಲನೆ ನೀಡಲಾಯಿತು. ಬಳಿಕ ಅದರ ಅಂದಾಜು ವೆಚ್ಚ 2,700 ಕೋಟಿ ರೂ. ದಾಟಿತು.

ಮನೆಯ ನಲ್ಲಿಗೇ ನೀರಿಲ್ಲದ ದಿನ ಬೀದಿಯ ಹೈಡ್ರಂಟ್‌ನಲ್ಲಿ ಒತ್ತಡ ಎಲ್ಲಿಂದ ಬರಬೇಕು? ಅಗ್ನಿಶಾಮಕ ವಾಹನ ತನ್ನ ಟ್ಯಾಂಕಿನಲ್ಲಿ ತಂದ ನೀರನ್ನೇ ನಂಬಬೇಕು. ಸಾಮಾನ್ಯ ವಾಹನವೊಂದರಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ಒಂದು ಹೋಸ್‌ಗೆ ನಿಮಿಷಕ್ಕೆ 450 ಲೀಟರ್ ಎಂದು ಲೆಕ್ಕ ಹಾಕಿದರೂ ಹತ್ತೇ ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಹೋಸ್ ಬಿಟ್ಟರೆ ಐದೇ ನಿಮಿಷ. ಅಷ್ಟರೊಳಗೆ ಕಟ್ಟಡದ ಸ್ವಂತ ನೀರು ಸಿಗದಿದ್ದರೆ ಮುಂದಿನ ವಾಹನ ಬರುವ ತನಕ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ನೀರಿನ ಈ ಕಷ್ಟ ಆ ಸೀಮೆಗೆ ಹೊಸದಲ್ಲ. ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದ್‌ಗೆ ಸ್ಥಳಾಂತರಿಸಿ ಕೈಸುಟ್ಟುಕೊಂಡ ಕತೆಯನ್ನು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿನ ನೀರಿನ ಅಭಾವವೂ ಅದಕ್ಕೊಂದು ಕಾರಣ ಎಂದು ಹೇಳುವುದುಂಟು. ಸೇವುಣರ ದೇವಗಿರಿಯೇ ಮುಂದೆ ದೌಲತಾಬಾದ್ ಆದದ್ದು. ಕಡಿದಾದ ಗುಡ್ಡದ ಆ ಕೋಟೆಯೊಳಗೆ ಕಟ್ಟಿಸಿದ ದೊಡ್ಡ ಕೊಳ, ಬಾವಿಗಳನ್ನು ಇಂದಿಗೂ ನೋಡಬಹುದು. ಅಲ್ಲಿಗೆ ಸಮೀಪದ ಖಡ್ಕಿಯಲ್ಲಿ, ಅಂದರೆ ಇಂದಿನ ಸಂಭಾಜಿನಗರದಲ್ಲಿ, 17ನೇ ಶತಮಾನದ ಆರಂಭದಲ್ಲಿ ಮಲಿಕ್ ಅಂಬರ್ ನೆಲದಡಿ ಕಾಲುವೆ ತೋಡಿಸಿ ನೀರು ಹರಿಸಿದ.

2025ರ ಏಪ್ರಿಲ್‌ನಲ್ಲಿ ಇದೇ ದೌಲತಾಬಾದ್ ಕೋಟೆಯಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿಕೊಂಡಿತ್ತು. ಅಂಥ ಗುಡ್ಡದ ನೆತ್ತಿಗೆ ಯಾವ ವಾಹನವೂ ಏರಲಾರದು. ಹತ್ತನೇ ಮಹಡಿಗೂ ಏರಲಾರದು. ಆದ್ದರಿಂದ ಎತ್ತರದ ಜಾಗಕ್ಕೆ ಬೆಂಕಿಗಿಂತ ಮೊದಲೇ ನೀರು ತಲುಪಿರಬೇಕು. ಖಾಸಗಿ ಹೈಡ್ರಂಟ್‌ನ ತತ್ವವೇ ಇದು.

ದುರಂತಗಳ ಸಾಲು

2023ರ ಡಿಸೆಂಬರ್ 31ರ ನಸುಕು. ಸಂಭಾಜಿನಗರ ಹೊರವಲಯದ ವಾಳೂಜ್ ಕೈಗಾರಿಕಾ ಪ್ರದೇಶದ ಕೈಗವಸು ಕಾರ್ಖಾನೆಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾರ್ಮಿಕರಲ್ಲಿ ಆರು ಮಂದಿ ಸತ್ತರು. ಮೂರು ತಿಂಗಳ ಬಳಿಕ, 2024ರ ಏಪ್ರಿಲ್ 3ರಂದು, ಅದೇ ನಗರದ ಕಂಟೋನ್ಮೆಂಟ್ ಭಾಗದಲ್ಲಿ ಕೆಳಗೆ ಹೊಲಿಗೆ ಅಂಗಡಿ ಇದ್ದ ಕಟ್ಟಡಕ್ಕೆ ಬೆಂಕಿ ತಗುಲಿ ಮೇಲೆ ವಾಸವಿದ್ದ ಒಂದೇ ಕುಟುಂಬದ ಏಳು ಮಂದಿ ಪ್ರಾಣ ಬಿಟ್ಟರು.

ನಾಸಿಕ್ ಜಿಲ್ಲೆಯ ಇಗತ್‌ಪುರಿ ಸಮೀಪದ ಮುಂಢೇಗಾಂವ್‌ನಲ್ಲಿ ಪಾಲಿಫಿಲ್ಮ್ ಕಾರ್ಖಾನೆಯೊಂದು 2023ರ ಜನವರಿ 1ರಂದು ಹೊತ್ತಿ ಉರಿದು ಜೀವಹಾನಿಯಾಯಿತು. 2025ರ ಮೇ ತಿಂಗಳಲ್ಲಿ ಅದೇ ಕಾರ್ಖಾನೆಗೆ ಮತ್ತೆ ಬೆಂಕಿ ಬಿತ್ತು. ಎರಡು ದಿನ ದಾಟಿದರೂ ಅದು ಪೂರ್ತಿ ಆರಲಿಲ್ಲ. ಅದೇ ತಿಂಗಳ 18ರಂದು ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಪ್ರದೇಶದಲ್ಲಿ ಜವಳಿ ಕಾರ್ಖಾನೆಗೆ ಬೆಂಕಿ ಹತ್ತಿ, ಮಾಲೀಕರೂ ಸೇರಿ ಎಂಟು ಮಂದಿ ಅಸುನೀಗಿದರು.

ಈ ಎಲ್ಲ ಸಾವುಗಳಿಗೂ ಹೈಡ್ರಂಟ್ ಕೆಟ್ಟದ್ದೇ ಕಾರಣ ಎಂದು ಹೇಳಲಾಗದು. ನಿದ್ದೆಯಲ್ಲಿದ್ದವರನ್ನು ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಹೊರಹೋಗುವ ದಾರಿ, ಎಚ್ಚರಿಸುವ ಅಲಾರಂ ಕೂಡ ಅಷ್ಟೇ ಮುಖ್ಯ. ಚಿಕ್ಕ ಕಟ್ಟಡಗಳಿಗೆ ಹೈಡ್ರಂಟ್ ಕಡ್ಡಾಯವೂ ಅಲ್ಲ. ಆದರೆ ಪ್ರತಿ ದುರಂತದ ಮರುದಿನ ಅಧಿಕಾರಿಗಳು ಕೇಳುವ ಪ್ರಶ್ನೆ ಒಂದೇ: ಫೈರ್ ಆಡಿಟ್ ಆಗಿತ್ತೇ?

ಆ ಪ್ರಶ್ನೆಗೆ ಉತ್ತರ ಹೌದೆಂದರೂ ಸಾಲದು ಎಂಬುದಕ್ಕೆ 2021 ಸಾಕ್ಷಿ. ಆ ವರ್ಷ ಜನವರಿ 9ರಂದು ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಸುಗೂಸುಗಳು ಬೆಂಕಿ ಅನಾಹುತಕ್ಕೆ ಬಲಿಯಾದವು. ರಾಜ್ಯದ ಆಸ್ಪತ್ರೆಗಳ ಆಡಿಟ್‌ಗೆ ಆದೇಶವಾಯಿತು. ಹತ್ತು ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 6ರಂದು, ಅಹ್ಮದ್‌ನಗರದ ಜಿಲ್ಲಾಸ್ಪತ್ರೆಯ ಐಸಿಯುನಲ್ಲಿ ಬೆಂಕಿಗೆ 11 ರೋಗಿಗಳು ಬಲಿಯಾದರು. ಆಡಿಟ್ ಎಂಬುದು ತಾನಾಗಿ ಬೆಂಕಿ ಆರಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮಹಾರಾಷ್ಟ್ರದ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕ್ರಮಗಳ ಕಾಯ್ದೆ ರೂಪುಗೊಂಡದ್ದು 2006ರಲ್ಲಿ. ಜಾರಿಗೆ ಬಂದದ್ದು 2008ರ ಡಿಸೆಂಬರ್‌ನಲ್ಲಿ. ದೇಶದಲ್ಲಿ ಈ ವಿಷಯದ ಸ್ಪಷ್ಟ ಕಾಯ್ದೆಗಳಲ್ಲಿ ಇದೂ ಒಂದು.

ಅದರ ಮೂರನೇ ಸೆಕ್ಷನ್ ಪ್ರಕಾರ ವ್ಯವಸ್ಥೆಯನ್ನು ಅಳವಡಿಸುವುದು ಮಾತ್ರವಲ್ಲ, ಸದಾ ಸುಸ್ಥಿತಿಯಲ್ಲಿ ಇಡುವುದೂ ಮಾಲೀಕರ ಅಥವಾ ಅಲ್ಲಿ ವಾಸ, ವ್ಯವಹಾರ ಮಾಡುವವರ ಹೊಣೆ. ಸರ್ಕಾರದ ಲೈಸೆನ್ಸ್ ಪಡೆದ ಏಜೆನ್ಸಿ ಮೊದಲು ಫಾರ್ಮ್ ಎ ಕೊಡಬೇಕು, ಅಂದರೆ ಎಲ್ಲವನ್ನೂ ನಿಯಮದಂತೆ ಅಳವಡಿಸಲಾಗಿದೆ ಎಂಬ ಪತ್ರ. ಆಮೇಲೆ ಆರು ತಿಂಗಳಿಗೊಮ್ಮೆ ಫಾರ್ಮ್ ಬಿ, ಅಂದರೆ ನಿರ್ವಹಣೆ ಸರಿಯಾಗಿದೆ ಎಂಬ ಪತ್ರ.

ಅಧಿಕಾರಿಗಳ ಕೈಯೂ ಬರಿದಲ್ಲ. ಒಳಹೊಕ್ಕು ಪರಿಶೀಲಿಸಬಹುದು, ನೋಟಿಸ್ ಕೊಡಬಹುದು. ಅಪಾಯ ಕಣ್ಣೆದುರೇ ಇದ್ದರೆ ಜನರನ್ನು ತೆರವುಗೊಳಿಸಿ ವಿದ್ಯುತ್, ನೀರಿನ ಸಂಪರ್ಕ ಕಡಿತಕ್ಕೂ ಆದೇಶಿಸಬಹುದು. ನಿಯಮ ಮುರಿದವರಿಗೆ ಜೈಲು ಮತ್ತು ದಂಡಕ್ಕೆ ಅವಕಾಶವಿದೆ.

ಈ ಅಧಿಕಾರ ಹಂಚಿಹೋಗಿದೆ. ನಗರದೊಳಗೆ ಪಾಲಿಕೆಯ ಮುಖ್ಯ ಅಗ್ನಿಶಾಮಕ ಅಧಿಕಾರಿ, ವಾಳೂಜ್‌ನಂಥ ಕೈಗಾರಿಕಾ ಪ್ರದೇಶದಲ್ಲಿ ಎಂಐಡಿಸಿಯ ಸ್ವಂತ ಅಗ್ನಿಶಾಮಕ ವಿಭಾಗ, ಉಳಿದ ಕಡೆ ರಾಜ್ಯದ ಅಗ್ನಿಶಾಮಕ ನಿರ್ದೇಶನಾಲಯ. ಕರ್ನಾಟಕದಲ್ಲಿರುವಂತೆ ಇಡೀ ರಾಜ್ಯಕ್ಕೆ ಒಂದೇ ಇಲಾಖೆ ಅಲ್ಲಿಲ್ಲ. ಹೀಗಾಗಿ ಕಾಯ್ದೆ ಒಂದೇ ಆದರೂ ತಪಾಸಣೆ ಎಷ್ಟು ಬಿಗಿ ಎಂಬುದು ಆಯಾ ಊರಿನ ಸಿಬ್ಬಂದಿ ಬಲವನ್ನು ಅವಲಂಬಿಸಿದೆ.

ಎಲ್ಲಿ ಸೋರುತ್ತಿದೆ?

ಕಾಗದದಲ್ಲಿ ಇಷ್ಟೆಲ್ಲ ಇದ್ದೂ ಮೂರು ಕಡೆ ಕಿಂಡಿ ಉಳಿದಿದೆ.

ಮೊದಲನೆಯದು, ಸಹಿ ಹಾಕುವವರು ಯಾರು ಎಂಬುದು. ತಪಾಸಣೆ ಮಾಡುವ ಏಜೆನ್ಸಿಯನ್ನು ಆರಿಸುವುದು ಮಾಲೀಕರು. ಹಣ ಕೊಡುವವರೂ ಅವರೇ. ಪಂಪ್ ಕೆಟ್ಟಿದೆ ಎಂದು ನೇರವಾಗಿ ಬರೆಯುವ ಏಜೆನ್ಸಿಗೆ ಮುಂದಿನ ಜುಲೈನಲ್ಲಿ ಅದೇ ಕೆಲಸ ಮತ್ತೆ ಸಿಗುವ ಖಾತರಿಯಿಲ್ಲ. ಪ್ರಾಮಾಣಿಕ ಏಜೆನ್ಸಿಗಳೇ ಇಲ್ಲವೆಂದಲ್ಲ. ಆದರೆ ಪ್ರಾಮಾಣಿಕತೆಗೆ ನಷ್ಟವಾಗುವಂತೆ ನಿಯಮ ಇರಬಾರದಲ್ಲವೇ? ಎಲ್ಲ ಕಟ್ಟಡಗಳನ್ನೂ ತಾವೇ ನೋಡುವಷ್ಟು ಸಿಬ್ಬಂದಿ ಅಗ್ನಿಶಾಮಕ ದಳಕ್ಕಿಲ್ಲ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದರೆ ಏಜೆನ್ಸಿಯ ಕೆಲಸವನ್ನಾದರೂ ದಳ ಆಗಾಗ ಪರೀಕ್ಷಿಸಬೇಕು.

ಎರಡನೆಯದು, ಏನನ್ನು ಪರೀಕ್ಷಿಸಲಾಗುತ್ತದೆ ಎಂಬುದು. ಭಾರತೀಯ ಮಾನಕ ಬ್ಯೂರೋ ಈ ಬಗ್ಗೆ ಮೌನವಾಗಿಲ್ಲ. ಕಟ್ಟಡದೊಳಗಿನ ಹೈಡ್ರಂಟ್‌ಗಳ ಅಳವಡಿಕೆ, ನಿರ್ವಹಣೆಗೆ ಐಎಸ್ 3844, ಹೊರಾಂಗಣದ ಹೈಡ್ರಂಟ್‌ಗಳಿಗೆ ಐಎಸ್ 13039 ಎಂಬ ಮಾನಕಗಳಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಪಂಪ್‌ನಿಂದ ಅತಿ ದೂರದ, ಅಂದರೆ ಸಾಮಾನ್ಯವಾಗಿ ತುತ್ತತುದಿಯ ಹೈಡ್ರಂಟ್‌ನಲ್ಲೂ ಚದರ ಸೆಂಟಿಮೀಟರ್‌ಗೆ 3.5 ಕೆ.ಜಿ. ಒತ್ತಡ ಇರಬೇಕು. ಕೆಳಗಿನ ಪಂಪ್ ರೂಂನ ಮೀಟರ್ ನೋಡಿ ಇದನ್ನು ಹೇಳಲಾಗದು. ಮೇಲೆ ಹತ್ತಿ, ವಾಲ್ವ್ ತಿರುಗಿಸಿ, ನೀರು ಹಾರಿಸಿ ನೋಡಬೇಕು.

ಏಕೆಂದರೆ ಹೈಡ್ರಂಟ್ ಕೆಡುವುದು ಸದ್ದಿಲ್ಲದೆ. ತಿರುಗಿಸದೆ ಬಿಟ್ಟ ವಾಲ್ವ್ ತುಕ್ಕು ಹಿಡಿದು ಬಿಗಿಯುತ್ತದೆ. ಮಡಿಕೆಯಲ್ಲೇ ಇದ್ದ ಹೋಸ್ ಬಿರುಕು ಬಿಡುತ್ತದೆ. ಗುಜರಿಯಲ್ಲಿ ಬೆಲೆ ಬಾಳುವ ಹಿತ್ತಾಳೆಯ ನಾಜಲ್ ಯಾರದೋ ಚೀಲ ಸೇರುತ್ತದೆ. ಸದಾ 'ಆಟೋ'ದಲ್ಲಿ ಇರಬೇಕಾದ ಪಂಪ್ ಸ್ವಿಚ್ ಕರೆಂಟ್ ಬಿಲ್ ನೆಪದಲ್ಲಿ 'ಆಫ್' ಆಗುತ್ತದೆ. ಡೀಸೆಲ್ ಪಂಪ್‌ನ ಬ್ಯಾಟರಿ ಸತ್ತಿರುತ್ತದೆ. ಬೇಸಿಗೆಯಲ್ಲಿ ಬೆಂಕಿಗೆಂದು ಮೀಸಲಿಟ್ಟ ಸಂಪಿನ ನೀರು ಬಚ್ಚಲಿಗೆ ಹೋಗುತ್ತದೆ. ಇವುಗಳಲ್ಲಿ ಒಂದಾದರೂ ಸಾಕು, ಇಡೀ ವ್ಯವಸ್ಥೆ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಮೂರನೆಯದು, ಫಲಿತಾಂಶ ಯಾರಿಗೆ ಗೊತ್ತಾಗುತ್ತದೆ ಎಂಬುದು. ಫಾರ್ಮ್ ಬಿ ಹೋಗುವುದು ಅಧಿಕಾರಿಯ ಕಚೇರಿಗೆ. ಐದನೇ ಮಹಡಿಯ ಬಾಡಿಗೆದಾರರಿಗೆ, ರಾತ್ರಿ ಪಾಳಿಯ ಕಾರ್ಮಿಕರಿಗೆ, ಲಾಡ್ಜ್‌ನಲ್ಲಿ ತಂಗಿದ ಯಾತ್ರಿಕರಿಗೆ ಅದು ಕಾಣುವುದಿಲ್ಲ. ಅಪಾಯ ಇರುವುದು ಇವರಿಗೇ.

ಬೇರೆಡೆ ಹೇಗಿದೆ?

ಅಮೆರಿಕದ ಹಲವು ನಗರಗಳಲ್ಲಿ ಖಾಸಗಿ ಹೈಡ್ರಂಟ್‌ಗಳ ತಪಾಸಣೆಗೆ ಎನ್‌ಎಫ್‌ಪಿಎ 25 ಎಂಬ ಮಾನಕವೇ ಆಧಾರ. ಅದರಂತೆ ಪ್ರತಿ ಹೈಡ್ರಂಟನ್ನು ವರ್ಷಕ್ಕೊಮ್ಮೆ ಪೂರ್ತಿ ತೆರೆದು, ಕೆಸರೆಲ್ಲ ಹೋಗಿ ತಿಳಿನೀರು ಬರುವ ತನಕ, ಕನಿಷ್ಠ ಒಂದು ನಿಮಿಷವಾದರೂ ಹರಿಸಬೇಕು. ನೀರು ಹರಿಯುವ ಪ್ರಮಾಣಕ್ಕೆ ತಕ್ಕಂತೆ ಹೈಡ್ರಂಟ್‌ನ ತಲೆಗೆ ಬಣ್ಣ ಬಳಿಯುವ ಪದ್ಧತಿಯೂ ಇದೆ. ಅತಿ ಹೆಚ್ಚು ನೀರಿದ್ದರೆ ತಿಳಿನೀಲಿ, ಬಳಿಕ ಹಸಿರು, ಕಿತ್ತಳೆ. ನಿಮಿಷಕ್ಕೆ ಸುಮಾರು 1,900 ಲೀಟರ್‌ಗಿಂತ ಕಡಿಮೆಯಿದ್ದರೆ ಕೆಂಪು. ಓಡಿಬಂದ ಸಿಬ್ಬಂದಿಗೆ ಯಾವುದನ್ನು ನಂಬಬಹುದು ಎಂಬುದು ದೂರದಿಂದಲೇ ತಿಳಿಯುತ್ತದೆ.

ಇಂಗ್ಲೆಂಡ್ ಕಲಿತದ್ದು ದೊಡ್ಡ ಬೆಲೆ ತೆತ್ತು. 2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಮಂದಿ ಸತ್ತರು. ಆ ಬಳಿಕ ಬಂದ ನಿಯಮಗಳು 2023ರ ಜನವರಿಯಿಂದ ಜಾರಿಯಲ್ಲಿವೆ. ಎತ್ತರದ ವಸತಿ ಕಟ್ಟಡಗಳಲ್ಲಿ ರೈಸರ್ ಪೈಪ್ ಸೇರಿದಂತೆ ಮುಖ್ಯ ಸಾಧನಗಳನ್ನು ತಿಂಗಳಿಗೊಮ್ಮೆ ನೋಡಬೇಕು. ದೋಷ ಕಂಡು 24 ಗಂಟೆಯೊಳಗೆ ಸರಿಪಡಿಸಲಾಗದಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ತಪಾಸಣೆಯ ದಾಖಲೆ ನಿವಾಸಿಗಳಿಗೂ ಸಿಗಬೇಕು. ಮಹಾರಾಷ್ಟ್ರದ ಮೂರನೇ ಕಿಂಡಿಯನ್ನು ಮುಚ್ಚುವ ದಾರಿ ಇದು.

ನಮ್ಮ ಕರ್ನಾಟಕದಲ್ಲೂ ಪಾಠ ಬಂದದ್ದು ಸಾವಿನ ಬಳಿಕವೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಮರುವರ್ಷ, 2011ರ ಜುಲೈನಲ್ಲಿ, ಬಹುಮಹಡಿ ಕಟ್ಟಡಗಳು ಎರಡು ವರ್ಷಕ್ಕೊಮ್ಮೆ ಅಗ್ನಿ ಸುರಕ್ಷತಾ ಅನುಮತಿ ನವೀಕರಿಸಬೇಕು ಎಂಬ ಅಧಿಸೂಚನೆ ಬಂತು. ಅದು ಸರಿಯಾಗಿ ಜಾರಿಯಾಗುತ್ತಿಲ್ಲ ಎಂಬ ದೂರು ಹೈಕೋರ್ಟ್ ಮೆಟ್ಟಿಲೇರಿತು. ಅವಧಿಯ ಲೆಕ್ಕದಲ್ಲಿ ಮಹಾರಾಷ್ಟ್ರದ ಆರು ತಿಂಗಳು ನಮ್ಮ ಎರಡು ವರ್ಷಕ್ಕಿಂತ ಬಿಗಿ. ಆದರೆ ನೀರು ಹಾರಿಸಿ ನೋಡದೆ ಇದ್ದರೆ ಆರು ತಿಂಗಳಾದರೇನು, ಎರಡು ವರ್ಷವಾದರೇನು?

ನೀರಿಗೇ ಬರ, ಪರೀಕ್ಷೆಗೆಲ್ಲಿಂದ?

ಇದಕ್ಕೆ ಮಾಲೀಕರ ಕಡೆಯಿಂದ ಬರುವ ಆಕ್ಷೇಪಗಳನ್ನೂ ಕೇಳಬೇಕು. ಟ್ಯಾಂಕರ್‌ಗೆ ದುಡ್ಡು ಕೊಟ್ಟು ನೀರು ತರಿಸುವ ಊರಿನಲ್ಲಿ ಪರೀಕ್ಷೆಗೆಂದು ನೀರು ಚೆಲ್ಲುವುದು ಯಾರಿಗೂ ಒಪ್ಪಿಗೆಯಾಗದು. ಆದರೆ ಚೆಲ್ಲಲೇಬೇಕೆಂದಿಲ್ಲ. ಪಂಪ್ ಪರೀಕ್ಷೆಯ ನೀರನ್ನು ಮತ್ತೆ ಸಂಪಿಗೇ ಬಿಡುವ ಪೈಪ್ ಅಳವಡಿಸಬಹುದು. ತಾರಸಿಯ ಹೈಡ್ರಂಟ್‌ನಿಂದ ಹರಿಸುವ ನೀರನ್ನು ಬಳಕೆಯ ಟ್ಯಾಂಕಿಗೋ ಗಿಡಗಳಿಗೋ ತಿರುಗಿಸಬಹುದು. ನಿಂತ ನೀರಿಗಿಂತ ಆಗಾಗ ಓಡಾಡುವ ನೀರು ಪೈಪಿಗೂ ಒಳ್ಳೆಯದು.

ಇನ್ನೊಂದು ಆಕ್ಷೇಪ ಖರ್ಚಿನದ್ದು. ಹಳೆಯ ಹೌಸಿಂಗ್ ಸೊಸೈಟಿಗಳಿಗೆ ಪಂಪ್ ಬದಲಿಸುವುದು ನಿಜಕ್ಕೂ ಹೊರೆ. ಇಲ್ಲಿ ಪಾಲಿಕೆಗಳು ದಂಡದ ಭಾಷೆ ಮಾತ್ರ ಆಡಿದರೆ ಸುಳ್ಳು ಕಾಗದಗಳೇ ಹೆಚ್ಚುತ್ತವೆ. ದೋಷವನ್ನು ತಾವಾಗಿ ತಿಳಿಸಿದವರಿಗೆ ಸರಿಪಡಿಸಲು ಕಾಲಾವಕಾಶ, ಮುಚ್ಚಿಟ್ಟವರಿಗೆ ಶಿಕ್ಷೆ ಎಂದಾದರೆ ನಿಜ ಹೇಳುವುದೇ ಲಾಭವಾಗುತ್ತದೆ.

ಏನು ಬದಲಾಗಬೇಕು?

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. ಫಾರ್ಮ್ ಬಿ ಜೊತೆಗೆ ತುತ್ತತುದಿಯ ಹೈಡ್ರಂಟ್‌ನಲ್ಲಿ ಅಳೆದ ಒತ್ತಡ, ಪರೀಕ್ಷೆಯ ದಿನಾಂಕ, ನೀರು ಹಾರಿಸಿದ ವಿಡಿಯೊ ಕಡ್ಡಾಯವಾಗಲಿ. ಪರೀಕ್ಷೆಯ ವೇಳೆ ನಿವಾಸಿಗಳ ಅಥವಾ ಕಾರ್ಮಿಕರ ಪ್ರತಿನಿಧಿಯೊಬ್ಬರು ಹಾಜರಿದ್ದು ಸಹಿ ಮಾಡಲಿ. ಅದರ ಪ್ರತಿ ಲಿಫ್ಟ್ ಪಕ್ಕದ ಗೋಡೆಯ ಮೇಲಿರಲಿ. ಬಂದ ಪ್ರಮಾಣಪತ್ರಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಗ್ನಿಶಾಮಕ ಸಿಬ್ಬಂದಿ ಮುನ್ಸೂಚನೆ ಕೊಡದೆ ಹೋಗಿ ವಾಲ್ವ್ ತಿರುಗಿಸಿ ನೋಡಲಿ. ಸುಳ್ಳು ಸಹಿ ಹಾಕಿದ ಏಜೆನ್ಸಿ ಲೈಸೆನ್ಸ್ ಕಳೆದುಕೊಳ್ಳಲಿ. ಕುಂಭಮೇಳಕ್ಕೆ ಸಜ್ಜಾಗುವ ನಾಸಿಕ್‌ನ ಲಾಡ್ಜ್‌ಗಳಿಂದಲೇ ಇದು ಶುರುವಾದರೆ ಲಕ್ಷಾಂತರ ಯಾತ್ರಿಕರಿಗೆ ಅದರ ಪ್ರಯೋಜನ ಸಿಗುತ್ತದೆ.

ನೀವು ನೋಡಬಹುದಾದದ್ದು

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಾಗಲಿ, ಪ್ರವಾಸಕ್ಕೆ ಹೋದ ಲಾಡ್ಜ್‌ನಲ್ಲಾಗಲಿ ಕೆಲವನ್ನು ಗಮನಿಸಲು ಪರಿಣತಿ ಬೇಕಿಲ್ಲ. ಹೋಸ್ ಪೆಟ್ಟಿಗೆಗೆ ಬೀಗ ಹಾಕಿದೆಯೇ? ಒಳಗೆ ಹೋಸ್ ಮತ್ತು ನಾಜಲ್ ಎರಡೂ ಇವೆಯೇ, ಇಲ್ಲ ಪೊರಕೆ ಬಕೆಟ್ ತುಂಬಿದೆಯೇ? ವಾಲ್ವ್‌ಗೆ ತಿರುಗಿಸುವ ಚಕ್ರ ಇದೆಯೇ? ಅಗ್ನಿಶಾಮಕ ವಾಹನದಿಂದ ಕಟ್ಟಡದ ಪೈಪಿಗೆ ನೀರು ತುಂಬಿಸುವ ಗೇಟ್ ಬಳಿಯ ಬಾಯಿಗೆ ಅಡ್ಡಲಾಗಿ ಬೈಕು ಕಾರು ನಿಲ್ಲಿಸಿದ್ದಾರೆಯೇ? ಪಂಪ್ ರೂಂನ ಸ್ವಿಚ್ 'ಆಟೋ'ದಲ್ಲಿದೆಯೇ?

ಇಷ್ಟು ನೋಡಿದ ಮೇಲೆ ಅಸೋಸಿಯೇಷನ್ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಮೇಲಿನ ಮಹಡಿಯ ಹೈಡ್ರಂಟ್‌ನಿಂದ ಕೊನೆಯ ಬಾರಿ ನೀರು ಹಾರಿಸಿದ್ದು ಯಾವಾಗ? ದಿನಾಂಕ ಹೇಳುವವರಿದ್ದರೆ ಒಳ್ಳೆಯದು. ಪ್ರಮಾಣಪತ್ರ ತಂದು ತೋರಿಸಿದರೆ, ಅದನ್ನು ಓದಿ ಮುಗಿಸಿ, ಎಲ್ಲರೂ ಒಟ್ಟಿಗೆ ತಾರಸಿ ಹತ್ತಿ ವಾಲ್ವ್ ತಿರುಗಿಸಿ ನೋಡುವುದು ಮೇಲು.